ಉಳಿದಿರೋ ಮರಕ್ಕೆ ಒಂದೇ ಲೋಟ

ರೀ,

ಗೇಟಿನ ಬಲಗಡೆ ಸೈಪ್ರೆಸ್ ಮರಕ್ಕೆ ಇವತ್ತು ಗೊಬ್ಬರ ಹಾಕಿ. ಒಂದು ಲೋಟ ಅಳೆದು ಮೆಟ್ಟಿಲ ಮೇಲಿಟ್ಟಿದ್ದೀನಿ. ಅಂಗಡೀಲಿ ಕಾಲಿಂಚು ತಪ್ಪದೆ ಬಟ್ಟೆ ಕತ್ತರಿಸೋ ಟೈಲರ್ ನೀವು, ಮನೇಲಿ ಮಾತ್ರ ಬೊಗಸೆ ಲೆಕ್ಕ! ಹೋದ ವರ್ಷ ಎಡಗಡೆ ಮರಕ್ಕೆ "ಪಾಪ, ಇನ್ನೊಂಚೂರು ತಿನ್ಲಿ" ಅಂತ ಬುಡಕ್ಕೇ ಸುರಿದ್ರಿ. ವರ್ಷವಿಡೀ ಹಸಿರಾಗಿರಬೇಕಾದ ಮರ ತಿಂಗಳೊಳಗೆ ಪೊರಕೆ ಆಯ್ತು.

ಬುಡದ ಹತ್ರ ಬೇಡ. ಕೊಂಬೆ ತುದಿ ಎಲ್ಲಿಗೆ ಬರುತ್ತೋ ಅದರ ಕೆಳಗೆ, ಲಂಗದ ಅಂಚಿಗೆ ಹೊಲಿಗೆ ಹಾಕಿದ ಹಾಗೆ, ಸುತ್ತಲೂ ತೆಳುವಾಗಿ ಉದುರಿಸಿ. ಆಮೇಲೆ ನಾಲ್ಕು ಬಕೆಟ್ ನೀರು.

ಮರ ಎಷ್ಟೇ ದೀನವಾಗಿ ನೋಡಿದ್ರೂ ಎರಡನೇ ಸಲ ಬಡಿಸಬೇಡಿ.

ಗೊಬ್ಬರದ ಚೀಲ ಎಲ್ಲಿ ಅಂತ ಹುಡುಕಬೇಡಿ. ಅದು ನನ್ನ ಸ್ಕೂಟರಲ್ಲಿ ಆಫೀಸಿಗೆ ಹೊರಟಿದೆ.