ಭುಜ ತಾಳುವಷ್ಟು

ಕಮ್ಮಿಂಗ್, ಜಾರ್ಜಿಯಾ
೨೧ ಸೆಪ್ಟೆಂಬರ್ ೨೦೨೫, ರವಿವಾರ

ಮಗಳು ಶೀತಲ್‌ಗೆ ಅವ್ವನ ಜೈ ಜಿನೇಂದ್ರ.

ಕ್ಷಮಾವಾಣಿಯ ದಿನ ನೀನು ಕಳಿಸಿದ ಮೆಸೇಜು ತಲುಪಿತು. ವರ್ಷವಿಡೀ ಮಾಡಿದ ತಪ್ಪಿಗೆ ಎಲ್ಲರ ಹತ್ತಿರ ಕ್ಷಮೆ ಕೇಳುವ ದಿನ. ಎರಡು ವರ್ಷದಿಂದ ಮಾತಿಲ್ಲದ ಮಗಳು ಅವತ್ತಾದರೂ ನೆನೆದಳಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಆಮೇಲೆ ಕೆಳಗಿನ ಸಾಲು ಓದಿದೆ. ಉತ್ತಮ ಕ್ಷಮಾ ಎಂದು ಬರೆದು, ಅದೇ ಉಸಿರಿನಲ್ಲಿ ಬಂದೂಕಿನ ವಿಷಯ ಕೇಳುವ ಧೈರ್ಯ ನಿನ್ನ ಹೊರತು ಬೇರೆ ಯಾರಿಗೂ ಬಂದೀತೆಂದು ನನಗನಿಸುವುದಿಲ್ಲ.

ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಹೇಳಿದ್ದರೆ ಎರಡು ಮಾತಿಗೇ ಜಗಳ ಹತ್ತುತ್ತಿತ್ತು. ಕನ್ನಡದಲ್ಲಿ ಬರೆದರೆ ನೀನು ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದುತ್ತೀ, ಸಿಟ್ಟೂ ನಿಧಾನವಾಗಿ ಬರುತ್ತದೆ. ಚಿಕ್ಕವಳಿದ್ದಾಗ ಅತ್ತು ಕರೆದು ಕಲಿತ ಕಾಗುಣಿತ ಹೀಗಾದರೂ ಉಪಯೋಗಕ್ಕೆ ಬರಲಿ.

ನೀನು ಬರೆದದ್ದನ್ನು ನಾನು ಸರಿಯಾಗಿ ತಿಳಿದುಕೊಂಡಿದ್ದೇನೆಯೇ ನೋಡು. ಬರುವ ಮೇ ತಿಂಗಳಲ್ಲಿ ನಮೀಬಿಯಾಕ್ಕೆ ಈಲ್ಯಾಂಡ್ ಬೇಟೆಗೆ ಹೋಗುತ್ತೀ. ಟಿಕೆಟ್ ಆಗಿದೆ, ಹೋಗುವ ಬಿಡುವ ಚರ್ಚೆ ಬೇಡ ಎಂದಿದ್ದೀ. ಅಷ್ಟು ದೊಡ್ಡ ಪ್ರಾಣಿಗೆ ಥ್ರೀ ಸೆವೆಂಟಿ ಫೈವ್ ಕ್ಯಾಲಿಬರಿನ ರೈಫಲ್ ತನ್ನಿ ಎಂದು ಅಲ್ಲಿಯ ಬೇಟೆಗಾರರು ತಿಳಿಸಿದ್ದಾರೆ. ನಿನ್ನ ಹತ್ತಿರ ಇರುವುದು ಕ್ಯಾರೊಲೈನಾದ ಜಿಂಕೆಗೆ ಸಾಲುವ ಥರ್ಟಿ ಆಟ್ ಸಿಕ್ಸ್ ಎಂಬ ಚಿಕ್ಕ ರೈಫಲ್. ಹೈಸ್ಕೂಲಿನಲ್ಲಿ ವಾಲಿಬಾಲ್ ಆಡುವಾಗ ಕೀಲು ತಪ್ಪಿ, ಆಪರೇಶನ್ ಆದ ನಿನ್ನ ಬಲಭುಜ ಗುಂಡು ಹಾರಿದಾಗ ಆ ದೊಡ್ಡ ರೈಫಲ್ ಕೊಡುವ ಒದೆತ ತಾಳುತ್ತದೆಯೇ ಎಂಬುದು ನಿನ್ನ ಪ್ರಶ್ನೆ. ತಾಳುವುದಿಲ್ಲ ಎಂದರೆ ಇರುವುದನ್ನೇ ಒಯ್ಯುತ್ತೀ. ಫಿಸಿಯೋಥೆರಪಿಸ್ಟ್ ಆಗಿ ಹೇಳಬೇಕಂತೆ, ಅವ್ವನಾಗಿ ಅಲ್ಲವಂತೆ.

ಮೊದಲು ಅವ್ವನ ಮಾತು ಮುಗಿಸಿಬಿಡುತ್ತೇನೆ. ಇಲ್ಲದಿದ್ದರೆ ಫಿಸಿಯೋಥೆರಪಿಸ್ಟ್ ಬಾಯಿಯೇ ತೆರೆಯುವುದಿಲ್ಲ.

ನೀನು ಹೊಡೆದ ಮೊದಲ ಜಿಂಕೆಯ ಫೋಟೊ ನನಗೆ ತೋರಿಸಿದವಳು ನೀನಲ್ಲ. ಚಿಕ್ಕೋಡಿಯಿಂದ ನನ್ನ ತಮ್ಮನ ಮಗಳು ವೇದಾ ಕಳಿಸಿದಳು. ಅತ್ತಿ, ಇಕಿ ನಮ್ಮ ಶೀತಲ್ ಹೌದಲ್ಲ, ಎಂದು ಕೇಳಿದಳು. ಕಿತ್ತಳೆ ಬಣ್ಣದ ಜಾಕೀಟು, ಬಾಯಿತುಂಬ ನಗು, ತೊಡೆಯ ಮೇಲೆ ಸತ್ತ ಜಿಂಕೆಯ ತಲೆ. ನಾನು ಫೋನ್ ಮಗುಚಿಟ್ಟು ಅಡುಗೆಮನೆಗೆ ಹೋದೆ. ಕತ್ತಲಲ್ಲಿ ಉಂಡರೆ ಕಣ್ಣಿಗೆ ಕಾಣದ ಹುಳ ಬಾಯಿಗೆ ಹೋದೀತೆಂದು ಹೊತ್ತು ಮುಳುಗುವ ಮುಂಚೆಯೇ ಉಣ್ಣುವ ಮನೆಯಲ್ಲಿ ಬೆಳೆದವಳು ನೀನು. ಬಸದಿಯಲ್ಲಿ ಯಾರಾದರೂ ನಿನ್ನ ಹೆಸರೆತ್ತಿದರೆ ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋಗುತ್ತಿದ್ದೆ.

ಆಗ ನೀನು ಹೇಳಿದ್ದು ನೆನಪಿದೆ. ಮಾಂಸ ತಿನ್ನುವುದೇ ಆದರೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದನ್ನು ಅಂಗಡಿಯಿಂದ ತಂದು ಕೈ ತೊಳೆದುಕೊಳ್ಳುವುದಕ್ಕಿಂತ ತಾನೇ ಕೊಂದು ತಿನ್ನುವುದು ಪ್ರಾಮಾಣಿಕ ಎಂದೆ. ವಾದ ಚೆನ್ನಾಗಿದೆ. ನಿನ್ನ ಬಾಯಿಗೆ ನಾನು ಯಾವತ್ತು ಗೆದ್ದಿದ್ದೇನೆ? ಆದರೆ ನಿನಗೆ ತಿನ್ನು ಎಂದವರು ಯಾರು? ನಮ್ಮಲ್ಲಿ ಹಿಂಸೆಗೆ ನಾಲ್ಕು ಹೆಸರಿವೆ. ಅಡುಗೆಯಲ್ಲಿ ಆಗುವುದು, ದುಡಿಮೆಯಲ್ಲಿ ಆಗುವುದು, ಪ್ರಾಣ ಉಳಿಸಿಕೊಳ್ಳಲು ಮಾಡುವುದು, ಇವುಗಳಿಗೆಲ್ಲ ಗೃಹಸ್ಥರಿಗೆ ಒಂದಿಷ್ಟು ರಿಯಾಯಿತಿ ಇದೆ. ಬೇಕೆಂದೇ ಮಾಡುವುದಕ್ಕೆ ಇಲ್ಲ. ನೀನು ಸಮುದ್ರ ದಾಟಿ ಹೋಗಿ ಮಾಡಲಿರುವುದು ಅದನ್ನೇ.

ನನ್ನ ಸಿಟ್ಟು ಹೋಗಿಲ್ಲ, ಶೀತಲ್. ನಿನ್ನ ನೆನಪೂ ಹೋಗಿಲ್ಲ. ನಿನ್ನ ಪಪ್ಪಾ ಕಾರಿನ ಟೈರ್ ತೋರಿಸಿಕೊಂಡು ಬರುತ್ತೇನೆ ಎಂದು ತಿಂಗಳಿಗೊಂದು ಶನಿವಾರ ಹೊರಡುತ್ತಾರೆ, ಸಂಜೆ ಬರುತ್ತಾರೆ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವರು ನಿನ್ನ ಊರು ಗ್ರೀನ್‌ವಿಲ್‌ಗೆ ಬಂದು ನಿನ್ನ ಕೈಯ ಚಹಾ ಕುಡಿದು ಹೋಗುವುದು ನನಗೆ ಗೊತ್ತು. ಕೇಳಿದರೆ ನಿಲ್ಲಿಸಿಬಿಡುತ್ತಾರೆಂದು ಕೇಳಿಲ್ಲ. ನೀನು ಚೆನ್ನಾಗಿದ್ದೀಯೋ ಇಲ್ಲವೋ ಅವರ ಮುಖ ನೋಡಿದರೆ ತಿಳಿಯುತ್ತದೆ, ಅಷ್ಟು ಸಾಕಾಗಿತ್ತು.

ಈಗ ಭುಜದ ಮಾತು.

ನಮ್ಮ ಕ್ಲಿನಿಕ್ಕಿಗೆ ಕಾಲ್ಡ್‌ವೆಲ್ ಎಂಬ ಹಿರಿಯರು ಮೊಣಕಾಲಿನ ಚಿಕಿತ್ಸೆಗೆ ಬರುತ್ತಾರೆ. ನನ್ನನ್ನು ಮಿಸ್ ವಿಜಯಾ ಎಂದು ಕರೆಯುತ್ತಾರೆ, ವ್ಯಾಯಾಮ ತಪ್ಪಿಸಲು ಕಥೆ ಹೇಳುತ್ತಾರೆ. ಅವರು ನಮೀಬಿಯಾಕ್ಕೆ ಹೋಗಿ ಬಂದವರು. ಈ ಬಾರಿ ನಾನೇ ಕೆದಕಿ ಕೇಳಿದೆ. ಈಲ್ಯಾಂಡಿನ ಫೋಟೊ ತೋರಿಸಿದರು. ನಾನು ಯಾವುದೋ ಜಿಂಕೆ ಎಂದುಕೊಂಡಿದ್ದೆ. ನೋಡಿದರೆ ನಮ್ಮ ಅಪ್ಪನ ಮನೆಯ ಖಿಲಾರಿ ಎತ್ತು! ಹೆಗಲ ಮೇಲೆ ಅದೇ ಹಿಣಿಲು, ಕೊರಳ ಕೆಳಗೆ ಅದೇ ಗಂಗೆದೊಗಲು, ಮೈ ಮಾತ್ರ ಇನ್ನೂ ದೊಡ್ಡದು. ದೊಡ್ಡ ಹೋರಿ ನಡೆದರೆ ಮುಂಗಾಲಿನಿಂದ ಚಟಕ್ ಚಟಕ್ ಎಂದು ಸದ್ದು ಬರುತ್ತದಂತೆ, ಪೊದೆಯ ಹಿಂದಿದ್ದರೂ ಕೇಳುತ್ತದಂತೆ. ಬೇಲಿ ಎದುರಾದರೆ ಅಷ್ಟು ಭಾರದ ಪ್ರಾಣಿ ಕರುವಿನಂತೆ ಹಾರಿ ಹೋಗುತ್ತದಂತೆ. ಹೇಳುವಾಗ ಅವರ ದನಿಯಲ್ಲಿ ಗೌರವವಿತ್ತು. ಅಷ್ಟು ಗೌರವವಿದ್ದವರು ಗುಂಡು ಯಾಕೆ ಹೊಡೆದಿರಿ ಎಂದು ಕೇಳಿದೆ. ಅವರು ಮೊಣಕಾಲು ನೀವಿಕೊಂಡು, ಇವತ್ತಿನ ವ್ಯಾಯಾಮ ಯಾವುದು ಎಂದು ತಾವಾಗಿಯೇ ಕೇಳಿದರು.

ಅವರ ಹತ್ತಿರ ಥ್ರೀ ಸೆವೆಂಟಿ ಫೈವ್ ಇದೆ. ಪುಸ್ತಕ ನೋಡಿ ಒದೆತದ ಲೆಕ್ಕ ಹೇಳುವುದು ಬೇರೆ, ಭುಜದ ಮೇಲೆ ಅನುಭವಿಸುವುದು ಬೇರೆ. ನೀನು ನಂಬಲಾರೆ. ಹೋದ ವಾರದ ಶನಿವಾರ ಡಾಸನ್‌ವಿಲ್ ಹತ್ತಿರದ ಶೂಟಿಂಗ್ ರೇಂಜಿಗೆ ಅವರ ಜೊತೆ ಹೋಗಿದ್ದೆ. ಮೈಮೇಲೆ ಸಲ್ವಾರ್, ಕಿವಿಗೆ ಸದ್ದು ತಡೆಯುವ ದೊಡ್ಡ ಮಫ್, ಕಣ್ಣಿಗೆ ಕನ್ನಡಕ. ಗುರಿ ಹಲಗೆಯಲ್ಲಿ ಪ್ರಾಣಿಯ ಚಿತ್ರವಿರಬಾರದು ಎಂದು ಮೊದಲೇ ಹೇಳಿದ್ದೆ. ಅವರು ಒಂದು ಪಿಜ್ಜಾ ಡಬ್ಬಿಯ ಮುಚ್ಚಳ ಕಟ್ಟಿದರು. ಹಿಡಿಯುವುದು, ನಿಲ್ಲುವುದು, ಉಸಿರು ಬಿಡುವುದು ಎಲ್ಲ ತಾಳ್ಮೆಯಿಂದ ಕಲಿಸಿದರು.

ಒಂದೇ ಗುಂಡು ಹೊಡೆದೆ. ಭುಜ ಕಿತ್ತು ಬಂದಂತಾಯಿತು. ಸಂಜೆಗೆ ಕೈ ಮೇಲೆತ್ತಲಾಗಲಿಲ್ಲ, ಮರುದಿನ ತಲೆ ಬಾಚಿಕೊಳ್ಳಲೂ ಆಗಲಿಲ್ಲ. ಗಟ್ಟಿ ಕೀಲಿನ ನನಗೇ ಹೀಗಾದರೆ ಹೊಲಿಗೆ ಹಾಕಿದ ನಿನ್ನ ಕೀಲಿನ ಗತಿ ಏನು? ಇಷ್ಟು ವರ್ಷ ಭುಜಗಳನ್ನೇ ನೋಡಿದವಳಾಗಿ ಹೇಳುತ್ತೇನೆ, ತಾಳುವುದಿಲ್ಲ. ಮತ್ತೆ ಕೀಲು ತಪ್ಪಿದರೆ ಇನ್ನೊಂದು ಆಪರೇಶನ್, ಆರು ತಿಂಗಳು ಜೋಳಿಗೆಯಲ್ಲಿ ಕೈ. ಆ ರೈಫಲನ್ನು ಮುಟ್ಟಬೇಡ. ಅದನ್ನು ಹೊಡೆಯಲಾಗದ ಮೇಲೆ ಅಷ್ಟು ದೂರ ಹೋಗುವುದೂ ವ್ಯರ್ಥ. ಟಿಕೆಟ್ ರದ್ದು ಮಾಡಿಸು. ಮೇ ತಿಂಗಳಲ್ಲಿ ರಜೆ ಹೇಗೂ ಇದೆ, ಇಲ್ಲಿಗೆ ಬಂದು ನಾಲ್ಕು ದಿನ ಇದ್ದು ಹೋಗು. ನಿನ್ನ ಕೋಣೆ ಹಾಗೇ ಇದೆ, ಮಂಚದ ಮೇಲೆ ಪಪ್ಪನ ಕಾಗದಪತ್ರ ಹರಡಿವೆ, ತೆಗೆಸುತ್ತೇನೆ.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ. ಆರೋಗ್ಯ ನೋಡಿಕೋ.

ನಿನ್ನ ಹಟವನ್ನೂ ನಿನ್ನನ್ನೂ ಹೆತ್ತ,
ಅವ್ವ ವಿಜಯಶ್ರೀ

ತಾಜಾ ಕಲಂ, ಬುಧವಾರ: ಲಕೋಟೆ ಅಂಟಿಸಿ ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದೆ. ಕ್ಲಿನಿಕ್ಕಿನ ದಾರಿಯಲ್ಲೇ ಪೋಸ್ಟ್ ಡಬ್ಬಿ ಇದೆ. ಹಾಕಲಾಗಲಿಲ್ಲ, ಇವತ್ತು ಬಿಚ್ಚಿದೆ.

ಭುಜದ ಬಗ್ಗೆ ಮೇಲೆ ಬರೆದದ್ದು ಸುಳ್ಳು. ಒಂದಲ್ಲ, ಕಾಲ್ಡ್‌ವೆಲ್ ಸಾಕು ಎನ್ನುವವರೆಗೂ ಹೊಡೆದೆ. ಆ ರೈಫಲ್ ಭಾರವಿದೆ, ಹಿಂದೆ ದಪ್ಪ ರಬ್ಬರಿದೆ. ಗುದ್ದುವುದಿಲ್ಲ, ಜೋರಾಗಿ ನೂಕುತ್ತದೆ. ಮರುದಿನ ಬೆಳಿಗ್ಗೆ ಅದೇ ಕೈಯಲ್ಲಿ ಜೋಳದ ರೊಟ್ಟಿ ಬಡಿದೆ. ಆಪರೇಶನ್ ಆದ ಮೇಲೆ ನಿನ್ನ ಭುಜ ನಾನೇ ತಿದ್ದಿದ್ದು, ಅದಕ್ಕೆ ಏನೂ ಆಗುವುದಿಲ್ಲ.

ನಿನಗೆ ಹೇಳದೆ ಬಿಟ್ಟ ಮಾತು ಇನ್ನೊಂದಿದೆ. ಕಾಲ್ಡ್‌ವೆಲ್ ಜೊತೆ ಹೋದ ಗೆಳೆಯರೊಬ್ಬರು ನಿನ್ನ ಹತ್ತಿರ ಇರುವಂಥದೇ ರೈಫಲ್ ಒಯ್ದಿದ್ದರಂತೆ. ತೀರ ಹತ್ತಿರದಿಂದ, ಸರಿಯಾದ ಜಾಗಕ್ಕೆ ಬಿದ್ದರೆ ಅದೂ ಸಾಕಾಗುತ್ತದಂತೆ. ಅವರ ಗುಂಡು ಸ್ವಲ್ಪ ಹಿಂದೆ ಬಿತ್ತು, ಒಳಗೆ ಮುಟ್ಟಬೇಕಾದಲ್ಲಿ ಮುಟ್ಟಲಿಲ್ಲ. ಹೋರಿ ನಡೆದು ಹೋಯಿತು. ಕತ್ತಲಾಗುವವರೆಗೆ ರಕ್ತದ ಗುರುತು ಹಿಡಿದು ಹುಡುಕಿದರು. ಬೆಳಿಗ್ಗೆ ಸಿಕ್ಕಾಗ ಬಿದ್ದುಕೊಂಡಿತ್ತು, ಕಣ್ಣು ತೆರೆದಿತ್ತು, ಇನ್ನೂ ಉಸಿರಾಡುತ್ತಿತ್ತು. ಇಷ್ಟು ಹೇಳಿ ಅವರು, ಮಿಸ್ ವಿಜಯಾ, ನಿಮ್ಮ ಮಗಳಿಗೆ ಚಿಕ್ಕದನ್ನು ಒಯ್ಯಬೇಡ ಎನ್ನಿ, ಎಂದರು. ಅದನ್ನು ಕೇಳಿಸಿಕೊಂಡು ಬಂದ ಮೇಲೂ ನಾನು ಆ ಸುಳ್ಳು ಬರೆದೆ.

ನಿನ್ನನ್ನು ನಾನು ಬಲ್ಲೆ. ನಾನು ಬೇಡವೆಂದರೆ ನೀನು ರೈಫಲ್ ಬಿಡುತ್ತೀ, ಬೇಟೆ ಬಿಡುವುದಿಲ್ಲ. ನನ್ನ ಸುಳ್ಳಿನಿಂದ ಆ ಪ್ರಾಣಿ ಬದುಕುವುದಿಲ್ಲ, ಒಂದು ರಾತ್ರಿ ಹೆಚ್ಚು ನರಳುತ್ತದೆ.

ಹೋಗಬೇಡ ಎಂದು ಈಗಲೂ ಕೈಮುಗಿದು ಹೇಳುತ್ತೇನೆ. ಹೋಗಿಯೇ ತೀರುವುದಾದರೆ ದೊಡ್ಡದನ್ನೇ ಒಯ್ಯು. ಮೇಜಿನ ಮೇಲಿಟ್ಟು ಹೊಡೆದು ಅಭ್ಯಾಸ ಮಾಡಬೇಡ, ನಿಂತು ಹೊಡೆ, ಮೈ ಒದೆತದ ಜೊತೆ ಹಿಂದೆ ಹೋಗಲಿ. ಚಳಿಗಾಲದಲ್ಲಿ ಭುಜ ಬಲಪಡಿಸಬೇಕು, ಅದಕ್ಕೆ ಶನಿವಾರ ಇಲ್ಲಿಗೆ ಬಾ. ಪಪ್ಪನ ಟೈರಿಗೂ ವಿಶ್ರಾಂತಿ ಸಿಗುತ್ತದೆ. ಒಂದೇ ಗುಂಡಿಗೆ ಮುಗಿಯುವ ಹಾಗೆ ಕೈ ಪಳಗುವವರೆಗೂ ವಿಮಾನ ಹತ್ತಬೇಡ.

ಮಾಡಿದವರಿಗೆ, ಮಾಡಿಸಿದವರಿಗೆ, ಒಪ್ಪಿಗೆ ಕೊಟ್ಟವರಿಗೆ ಪಾಪ ಒಂದೇ ಎಂದು ನಮ್ಮವರು ಹೇಳುತ್ತಾರೆ. ಇಷ್ಟು ಬರೆದ ಮೇಲೆ ಅದರಲ್ಲಿ ನನಗೂ ಪಾಲು ಬಂತು. ಬರಲಿ. ನೀನೊಬ್ಬಳೇ ಹೊರುವುದು ಬೇಡ.