ಗುಹೆಯ ಅಧ್ಯಾಯ

ಜೂನ್ ೩, ಸೋಮವಾರ

ಇವತ್ತೂ ಅರ್ಧ ದಿನ ರಜೆ. ಎರಡನೆಯ ಸಂಪುಟ ಮುಗಿಯಿತು. ಗಂಟಲು ಕಟ್ಟಿದೆ. ಆಫೀಸಿನಲ್ಲಿ ನಕಾಶೆ ಬರೆಯುವವನಿಗೆ ಬಾಯಿಯ ಕೆಲಸ ಕಡಿಮೆ. ದಿನವಿಡೀ ತುಟಿ ಬಿಚ್ಚದಿದ್ದರೂ ಯಾರೂ ಕೇಳುವುದಿಲ್ಲ. ಈಗ ಮಧ್ಯಾಹ್ನವೆಲ್ಲ ಅಕ್ಕನ ಮಗಳ ಮಂಚದ ಪಕ್ಕ ಕೂತು ಜೋರಾಗಿ ಓದುವುದು.

ಹುಡುಗಿಗೆ ಹದಿನಾಲ್ಕು. ಮನೆಯಲ್ಲಿ ಎಲ್ಲರೂ ಸಿಡುಕಿ ಅನ್ನುತ್ತೇವೆ. ಹೆಸರಿಗೆ ತಕ್ಕ ಹಾಗೇ ಇದ್ದಾಳೆ. ಶಾಲೆಯ ಲ್ಯಾಬಿನಲ್ಲಿ ಗಾಜಿನ ಕೊಳವೆ ಸಿಡಿದು ಎರಡೂ ಕಣ್ಣಿಗೆ ಬ್ಯಾಂಡೇಜ್. ಬಿಚ್ಚುವುದು ತಿಂಗಳ ಕೊನೆಗೆ. ಬಲಗಣ್ಣು ಉಳಿಯುತ್ತದೆ, ಎಡಗಣ್ಣಿನ ವಿಷಯ ಈಗ ಹೇಳಲಾಗದು ಅಂದಿದ್ದಾರೆ ಡಾಕ್ಟರು. ಹೇಳಿದ್ದು ಅಕ್ಕನಿಗೆ, ನನಗೆ. ಅವಳಿಗೆ ಹೇಳಿಲ್ಲ. ಅವಳು ಕೇಳಿಯೂ ಇಲ್ಲ.

ಕಾದಂಬರಿ ಅವಳದೇ ಆಯ್ಕೆ. ಐದು ಸಂಪುಟ. ಕೊಂಡಿಟ್ಟುಕೊಂಡಿದ್ದಳು, ತೆರೆಯುವಷ್ಟರಲ್ಲಿ ಹೀಗಾಯಿತು. ನನ್ನ ಅಭಿಪ್ರಾಯ — ಮೊದಲ ಪುಟದಲ್ಲೊಂದು ನಕಾಶೆ ಇದೆ, ಅದಕ್ಕೆ ಸ್ಕೇಲ್ ಇಲ್ಲ, ಉತ್ತರ ಯಾವ ಕಡೆ ಎಂಬುದಿಲ್ಲ, ನದಿಯೊಂದು ಬೆಟ್ಟ ಹತ್ತಿ ಇಳಿಯುತ್ತದೆ. ಕಾಡು ಹೂಕೋಸಿನ ಹಾಗಿದೆ. ಇಂಥದ್ದನ್ನು ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಮುಂದೆ ಇಟ್ಟರೆ ಪೆನ್ಸಿಲ್ ಕಿತ್ತುಕೊಂಡು ಮನೆಗೆ ಕಳಿಸುತ್ತಾರೆ.

ಜೂನ್ ೫, ಬುಧವಾರ

ಮೂರನೆಯ ಸಂಪುಟ. ಈ ಜಾತಿಯ ಪುಸ್ತಕಗಳ ಬಗ್ಗೆ ಇನ್ನಷ್ಟು.

ಅಪ್ಪ ಅಮ್ಮ ಮೊದಲ ಅಧ್ಯಾಯದಲ್ಲೇ ಸಾಯುತ್ತಾರೆ. ಬೇರೆ ದಾರಿ ಇಲ್ಲ ಅನ್ನಿಸುತ್ತದೆ. ತಾಯಿ ಬದುಕಿದ್ದರೆ ‘ಸ್ವೆಟರ್ ಹಾಕ್ಕೊ, ಕತ್ತಲಾಗೋದ್ರೊಳಗೆ ಬಾ’ ಅಂತಾಳೆ, ಸಾಹಸ ಅಲ್ಲಿಗೇ ಮುಗಿಯಿತು. ಗಡ್ಡದ ಮುದುಕನಿಗೆ ಎಲ್ಲವೂ ಗೊತ್ತು, ಆದರೆ ಕೊನೆಯ ಸಂಪುಟದವರೆಗೆ ಬಾಯಿ ಬಿಡುವುದಿಲ್ಲ. ಕುದುರೆಗಳು ಬೆಟ್ಟದಿಂದ ಸಮುದ್ರದವರೆಗೆ ಓಡುತ್ತವೆ. ಹುಲ್ಲು ಬೇಡ, ನೀರು ಬೇಡ, ಲದ್ದಿಯೂ ಇಲ್ಲ.

ಇದನ್ನೆಲ್ಲ ಓದುವ ಮಧ್ಯೆ ಹೇಳುತ್ತಿರುತ್ತೇನೆ. ಸಿಡುಕಿ ಸುಮ್ಮನಿರುವವಳಲ್ಲ.

“ಮಾಮ, ನೀನು ಓದ್ತಿದ್ದೀಯಾ, ತಪ್ಪು ಹುಡುಕ್ತಿದ್ದೀಯಾ?”

“ಎರಡೂ.”

“ಒಂದು ಮಾಡು. ಬಿಲ್ಲುಗಾತಿ ಬಂದಾಗ ಅಂತೂ ಬಾಯಿ ಮುಚ್ಕೊಂಡು ಓದು.”

ಬಾಯಿ ಮುಚ್ಚಿಕೊಂಡು ಹೇಗೆ ಓದುವುದು ಎಂದು ಕೇಳಲಿಲ್ಲ. ಬಿಲ್ಲುಗಾತಿ ಅವಳ ಮೆಚ್ಚಿನವಳು. ಹದಿನೈದರ ಹುಡುಗಿ, ಮಾತು ಒರಟು, ಗುರಿ ತಪ್ಪುವುದಿಲ್ಲ. ನಾಯಕನಿಗಿಂತ ವಾಸಿ. ಅವನು ಎರಡು ಸಂಪುಟಗಳಿಂದ ಬರೀ ಯೋಚನೆ ಮಾಡುತ್ತಿದ್ದಾನೆ.

ಜೂನ್ ೬, ಗುರುವಾರ

ಇದನ್ನು ಬರೆದಿಡಬೇಕು.

ಕೋಟೆಯ ಗೋಡೆಯ ಮೇಲೆ ಜಗಳ. ಓದುತ್ತಾ ಇದ್ದೆ, ವೇಗವೂ ಚೆನ್ನಾಗಿತ್ತು. ಮಾಂತ್ರಿಕ ಮುಷ್ಟಿ ತುಂಬ ಬೂದಿ ಎತ್ತಿ ಬಿಲ್ಲುಗಾತಿಯ ಮುಖಕ್ಕೆ ಎರಚುತ್ತಾನೆ. ಮುಂದಿನ ವಾಕ್ಯ ಕಣ್ಣಿಗೆ ಬಿತ್ತು, ಬಾಯಿಗೆ ಬರಲಿಲ್ಲ. ಅವಳ ದೃಷ್ಟಿ ಹೋಗುತ್ತದೆ. ಎರಡೂ ಕಣ್ಣು. ಮತ್ತೆ ಬರುವುದಿಲ್ಲ ಎಂದು ಆ ಪುಟದಲ್ಲೇ ಬರೆದಿದೆ, ಅನುಮಾನಕ್ಕೆ ಜಾಗವೇ ಇಟ್ಟಿಲ್ಲ.

“ಯಾಕೆ ನಿಲ್ಲಿಸ್ದೆ?”

“ನೀರು ಕುಡೀತಿದ್ದೀನಿ.”

ನೀರು ಕುಡಿದೆ. ಆಮೇಲೆ ಓದಿದೆ — ಬಿಲ್ಲುಗಾತಿ ಕಣ್ಣುಜ್ಜಿಕೊಂಡಳು, ಸ್ವಲ್ಪ ಉರಿಯಿತು, ತೊಳೆದುಕೊಂಡಳು, ಸರಿಹೋಯಿತು. ಅಷ್ಟೂ ನನ್ನದೇ. ಅಧ್ಯಾಯದ ಉಳಿದದ್ದನ್ನು ಹಾರಿಸಿದೆ.

ಸಿಡುಕಿ ನಿಟ್ಟುಸಿರು ಬಿಟ್ಟಳು. ಬ್ಯಾಂಡೇಜಿನ ಅಂಚನ್ನು ಬೆರಳಲ್ಲಿ ಒಮ್ಮೆ ಮುಟ್ಟಿ ನೋಡಿಕೊಂಡಳು. ಸರಿಯಾದದ್ದನ್ನೇ ಮಾಡಿದೆ ಅನ್ನಿಸಿತು.

ಜೂನ್ ೧೧, ಮಂಗಳವಾರ

ಫಜೀತಿ. ನಕಾಶೆಯಲ್ಲಿ ಒಂದು ನದಿಯನ್ನು ಸರಿಸಿದರೆ ಸೇತುವೆ ಸರಿಸಬೇಕು, ರಸ್ತೆ ಸರಿಸಬೇಕು, ದಡದ ಮನೆಗಳನ್ನೂ ಎತ್ತಿ ಇಡಬೇಕು. ಬಿಲ್ಲುಗಾತಿ ಗೋಡೆ ತಡವಿಕೊಂಡು ನಡೆಯುವ ಕಡೆಯೆಲ್ಲ ‘ಓಡಿದಳು’ ಎಂದು ಓದುತ್ತಿದ್ದೇನೆ. ಗೆಳೆಯರು ಅವಳ ಕೈ ಹಿಡಿಯುವ ಕಡೆ ‘ಬೆನ್ನು ತಟ್ಟಿದರು’. ಹಿಂದಿನ ಸಂಜೆಯೇ ಮನೆಯಲ್ಲಿ ಮುಂದಿನದನ್ನು ಓದಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ತಯಾರಿಗೆ ಮಾತ್ರ. ನಿನ್ನೆ ತಯಾರಿ ಮಾಡುತ್ತಿದ್ದಾಗ ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು.

ಒಂದು ಮಾತು ಒಪ್ಪಬೇಕು. ಉಪ್ಪಿನ ಬಯಲು ದಾಟುವ ಅಧ್ಯಾಯ ಚೆನ್ನಾಗಿದೆ. ಬಾಯಾರಿಕೆ ಏನೆಂದು ಈ ಲೇಖಕಿಗೆ ಗೊತ್ತು. ಮಂತ್ರ ತಂತ್ರ ಇಲ್ಲದ ಕಡೆ ಈಕೆ ಚೆನ್ನಾಗಿ ಬರೆಯುತ್ತಾಳೆ.

ಆಫೀಸಿನಲ್ಲಿ ಹೊಸಬನೊಬ್ಬ ಅಳತೆಯಾಗದ ಗುಡ್ಡದ ಮೇಲೆ ಅಂದಾಜಿನಲ್ಲಿ ಕಾಲುದಾರಿ ಎಳೆದಿದ್ದ. ಹೆಡ್ ಡ್ರಾಫ್ಟ್ಸ್‌ಮನ್ ಎಲ್ಲರನ್ನೂ ಕರೆಸಿ ಹೇಳಿದರು, “ಗೊತ್ತಿಲ್ಲದ ಜಾಗ ಬಿಳೀ ಬಿಡ್ರಿ. ಚೆಂದ ಕಾಣ್ಲಿ ಅಂತ ತುಂಬ್ಬೇಡಿ. ನಾಳೆ ಯಾರೋ ಅದನ್ನ ನಂಬಿ ನಡೀತಾರೆ.” ನಾನೂ ತಲೆಯಾಡಿಸಿದೆ.

ಜೂನ್ ೧೨, ಬುಧವಾರ

ಗುಹೆ.

ನಾಲ್ಕನೆಯ ಸಂಪುಟದ ನಡುಭಾಗ. ಕೈದಿಗಳನ್ನು ಬಿಡಿಸಿಕೊಂಡು ಎಲ್ಲರೂ ಬೆಟ್ಟದೊಳಗಿನ ಗುಹೆಯಲ್ಲಿ ಬರುತ್ತಿರುತ್ತಾರೆ. ಗಾಳಿ ನುಗ್ಗಿ ದೀವಟಿಗೆಗಳೆಲ್ಲ ಆರಿಹೋಗುತ್ತವೆ. ನಾಯಕ ಕೂತು ಅಳುತ್ತಾನೆ. ಆಗ ಬಿಲ್ಲುಗಾತಿ ಮುಂದೆ ಬರುತ್ತಾಳೆ. ಅವಳಿಗೆ ಕತ್ತಲು ಹೊಸದಲ್ಲ. ನೀರಿನ ಸದ್ದು, ಕೆನ್ನೆಗೆ ತಾಗುವ ಗಾಳಿ, ಕಾಲಡಿಯ ಕಲ್ಲು — ಇಷ್ಟರಲ್ಲೇ ಎಲ್ಲರನ್ನೂ ಹೊರಗೆ ತರುತ್ತಾಳೆ. ದ್ವಾರದ ಕಾವಲುಗಾರನನ್ನು ಅವನ ಉಸಿರಿನ ಜಾಡಿನಲ್ಲೇ ಹೊಡೆಯುತ್ತಾಳೆ.

ನಿನ್ನೆ ಮನೆಯಲ್ಲಿ ಇದನ್ನು ಎರಡು ಸಲ ಓದಿದೆ. ಐದೂ ಸಂಪುಟಗಳಲ್ಲಿ ಇದಕ್ಕಿಂತ ಒಳ್ಳೆಯ ಅಧ್ಯಾಯ ಇರಲಾರದು. ಆದರೆ ಏನು ಮಾಡಲಿ? ನಾನು ಅವಳ ಕಣ್ಣು ವಾಸಿ ಮಾಡಿಬಿಟ್ಟಿದ್ದೇನೆ. ಕಣ್ಣಿರುವವಳು ಕತ್ತಲಲ್ಲಿ ಉಳಿದವರ ಹಾಗೇ ಎಡವಬೇಕು.

ಆ ಕೆಲಸವನ್ನು ಗಡ್ಡದ ಮುದುಕನಿಗೆ ಕೊಟ್ಟೆ.

“ಆರಿಹೋಗಿದ್ದ ದೀವಟಿಗೆ ಅವನ ಕೈಲಿ ಹೇಗೆ ಹತ್ತಿತು?” ಸಿಡುಕಿ ಕೇಳಿದಳು.

“ಮಂತ್ರ.”

“ಥೂ! ಮಂತ್ರ ಇದ್ರೆ ಮೊದಲೇ ಹಚ್ಚಬಹುದಿತ್ತಲ್ಲ? ಬಿಲ್ಲುಗಾತಿ ಎಲ್ಲಿ ಹೋದ್ಲು?”

“ಹಿಂದೆ ಬರ್ತಿದ್ಲು.”

“ಸುಮ್ನೆ ಹಿಂದೆ?”

“ಸುಮ್ನೆ ಹಿಂದೆ.”

ಲೇಖಕಿಗೆ ತಲೆ ಕೆಟ್ಟಿದೆ, ಮೂರನೇ ಪುಸ್ತಕದಿಂದಲೇ ಕೆಟ್ಟಿದೆ ಅಂದಳು. ಇನ್ನು ಮುಂದಿನದು ಬೇಕಾಗಿಲ್ಲ ಅಂತಲೂ ಅಂದಳು. ಯಾರೋ ಪಾಪದ ಹೆಂಗಸು, ನನ್ನಿಂದಾಗಿ ಬೈಸಿಕೊಂಡಳು. ಎದ್ದು ಕಿಟಕಿಯ ಪರದೆ ಸರಿಪಡಿಸಿದೆ. ಅದು ಸರಿಯಾಗಿಯೇ ಇತ್ತು.

ಜೂನ್ ೧೫, ಶನಿವಾರ, ಸಂಜೆ

ಸಿಡುಕಿಯ ಕ್ಲಾಸಿನ ಗೆಳತಿ ನೋಡಲು ಬಂದಿದ್ದಳು. ಅಕ್ಕ ಟೀ ಮಾಡಲು ಒಳಗೆ ಹೋದಳು. ನಾನು ಕಿತ್ತಳೆ ಸುಲಿಯುತ್ತಿದ್ದೆ. ಗೆಳತಿಯ ಕಣ್ಣಿಗೆ ಮೇಜಿನ ಮೇಲಿನ ಪುಸ್ತಕಗಳು ಬಿದ್ದವು.

“ಅಯ್ಯೋ, ಗುಹೆವರೆಗೂ ಬಂದ್ರಾ? ಬಿಲ್ಲುಗಾತಿ ಕಣ್ಣು ಕಾಣದೇ ಎಲ್ಲರನ್ನೂ ಕರ್ಕೊಂಡು ಬರ್ತಾಳಲ್ಲ, ನಾನಂತೂ ಅತ್ತುಬಿಟ್ಟೆ ಕಣೇ…”

ಅಷ್ಟರಲ್ಲಿ ತಾನೇನು ಹೇಳಿದೆ, ಯಾರ ಮುಂದೆ ಹೇಳಿದೆ ಎಂದು ಹೊಳೆದು ಆ ಹುಡುಗಿಯ ಮುಖ ಬಿಳುಪೇರಿತು. ಸಿಡುಕಿ ಮಾತ್ರ ಏನೂ ಆಗದವಳ ಹಾಗೆ ಪರೀಕ್ಷೆಯ ವಿಷಯ ಕೇಳಿದಳು. ಗೆಳತಿ ಟೀ ಕುಡಿದು ಹೋಗುವವರೆಗೂ ಕಾದಳು.

“ಗುಹೆಯಿಂದ ಎಲ್ಲರನ್ನೂ ಹೊರಗೆ ತಂದಿದ್ದು ಅವಳಾ?”

“ಹೌದು.”

“ಕಣ್ಣು ಯಾವಾಗ ಹೋಯ್ತು? ಬೂದಿ ಎರಚಿದಾಗಲೇ?”

“ಹೌದು.”

“ನಾನು ಅಳ್ತೀನಿ ಅಂತ ತಾನೆ ಬಿಟ್ಟೆ?”

ಕೈಯಲ್ಲಿ ಕಿತ್ತಳೆಯ ಸಿಪ್ಪೆ.

“ಅತ್ತಿದ್ರೆ ಅತ್ತಿರ್ತಿದ್ದೆ ಮಾಮ. ಆಮೇಲೆ ಗುಹೆ ಬರ್ತಿತ್ತು. ನೀನು ಅವಳ ಗುಹೇನ ತೆಗೆದು ಆ ಮುದುಕನ ಕೈಗೆ ಕೊಟ್ಟೆ.”

ಗೋಡೆಯ ಕಡೆ ತಿರುಗಿ ಮಲಗಿದಳು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. “ಏನೋ ಮಾಡ್ದೆ?” ಎಂದು ಪಿಸುಗುಟ್ಟಿದಳು. ಚಪ್ಪಲಿ ಮೆಟ್ಟಿ ಹೊರಟುಬಂದೆ. ನಾಚಿಕೆಯಾಯಿತು. ಬೇರೆ ಪದ ಹುಡುಕುವುದಿಲ್ಲ.

ಜೂನ್ ೨೪, ಸೋಮವಾರ

ಒಂಬತ್ತು ದಿನ ಏನೂ ಬರೆದಿಲ್ಲ. ಅಕ್ಕನ ಮನೆಗೆ ಹೋಗುತ್ತಿದ್ದೆ, ಅಡುಗೆಮನೆಯಲ್ಲಿ ಕೂತು ಬರುತ್ತಿದ್ದೆ. ಸಿಡುಕಿ ಮಾತಾಡಲಿಲ್ಲ. ಐದನೆಯ ಸಂಪುಟ ತೆರೆದಿಲ್ಲ. ಅವಳನ್ನು ಬಿಟ್ಟು ಮುಂದೆ ಓದುವ ಮನಸ್ಸಿಲ್ಲ.

ಮೂರು, ನಾಲ್ಕರಲ್ಲಿ ನಾನು ಹಾಕಿದ್ದ ಪೆನ್ಸಿಲ್ ಗುರುತುಗಳನ್ನೆಲ್ಲ ರಬ್ಬರಿನಲ್ಲಿ ಅಳಿಸಿದೆ. ಬಹಳ ಇದ್ದವು.

ನಾಳೆ ಬ್ಯಾಂಡೇಜ್ ಬಿಚ್ಚುತ್ತಾರೆ. ಅಕ್ಕನಿಗೆ ಹೇಳಿದೆ, “ಎಡಗಣ್ಣಿನ ವಿಷಯ ಇವತ್ತೇ ಅವಳಿಗೆ ಹೇಳಿಬಿಡೋಣ.” ಅಕ್ಕ ಆಗದು ಅಂದಳು. ಆಮೇಲೆ ತಾನೇ ಒಳಗೆ ಹೋಗಿ ಹೇಳಿದಳು. ಬಾಗಿಲ ಹೊರಗೆ ಸಿಡುಕಿಯ ದನಿ ಕೇಳಿಸಿತು — “ಗೊತ್ತಿತ್ತಮ್ಮ. ನೀವಿಬ್ಬರೂ ಅಷ್ಟು ಮೆಲ್ಲಗೆ ಮಾತಾಡಿದಾಗ್ಲೇ ಗೊತ್ತಾಯ್ತು.”

ಜೂನ್ ೨೫, ಮಂಗಳವಾರ, ಆಸ್ಪತ್ರೆಯಲ್ಲಿ

ಬಲಗಣ್ಣು ಸರಿಯಿದೆ. ಎಡಗಣ್ಣು ಇಲ್ಲ. ಡಾಕ್ಟರು ಟಾರ್ಚ್ ಬಿಟ್ಟು ಎರಡೆರಡು ಸಲ ಕೇಳಿದರು. ಬೆಳಕೂ ತಿಳಿಯುವುದಿಲ್ಲ. ಅಕ್ಕ ಕಾರಿಡಾರಿನ ಬೆಂಚಿನ ಮೇಲೆ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಾಳೆ.

ಸಿಡುಕಿ ನನ್ನನ್ನು ಒಂದೇ ಕಣ್ಣಿನಲ್ಲಿ ಸಾಕಷ್ಟು ಹೊತ್ತು ನೋಡಿದಳು.

“ಮೀಸೆ ಬೆಳ್ಳಗಾಗಿದೆ.”

“ಹೂಂ.”

“ಮೂರನೇ ಪುಸ್ತಕ ತಂದಿದ್ದೀಯಾ?”

ತಂದಿದ್ದೆ. ಮೂರು, ನಾಲ್ಕು, ಎರಡೂ ಚೀಲದಲ್ಲಿದ್ದವು. ಇನ್ನು ಕೆಲವೇ ದಿನದಲ್ಲಿ ನೀನೇ ಓದಬಹುದು ಅಂದೆ.

“ನೀನೇ ಓದು. ಕೆಡಿಸಿದ್ದು ನೀನೇ ತಾನೆ? ಬೂದಿ ಎರಚಿದಲ್ಲಿಂದ. ಒಂದು ಅಕ್ಷರ ಬಿಡ್ಬೇಡ.”

ಓದಿದೆ. ಮಾಂತ್ರಿಕ, ಮುಷ್ಟಿ, ಬೂದಿ. ಅವಳ ದೃಷ್ಟಿ ಹೋಯಿತು ಎಂಬ ವಾಕ್ಯ. ಮತ್ತೆ ಬರುವುದಿಲ್ಲ ಎಂಬ ವಾಕ್ಯ. ಆ ರಾತ್ರಿ ಬಿಲ್ಲುಗಾತಿ ಬಿಲ್ಲನ್ನು ಕಟ್ಟಿಗೆಯ ರಾಶಿಗೆ ಎಸೆದ ಪುಟ. ಸಿಡುಕಿ ಅತ್ತಳು. ಅಂದುಕೊಂಡಿದ್ದಕ್ಕಿಂತ ಜಾಸ್ತಿ ಅತ್ತಳು. ನಾನು ನಿಲ್ಲಿಸಲಿಲ್ಲ. ನನ್ನ ದನಿ ಎಲ್ಲೆಲ್ಲೋ ಹೋಗುತ್ತಿತ್ತು, ಆದರೂ ಓದಿದೆ.

ನರ್ಸ್ ಬಂದು ಡ್ರಾಪ್ಸ್ ಹಾಕಲು ಕರೆದುಕೊಂಡು ಹೋಗಿದ್ದಾಳೆ. ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ನಾಲ್ಕನೆಯ ಸಂಪುಟ ಮಡಿಲಲ್ಲಿದೆ, ಸರಿಯಾದ ಪುಟದಲ್ಲಿ ಬಸ್ ಟಿಕೆಟ್ ಇಟ್ಟಿದ್ದೇನೆ. ಹೋಗುವಾಗ ಕಣ್ಣೊರೆಸಿಕೊಂಡು ಹೇಳಿ ಹೋಗಿದ್ದಾಳೆ, “ಬಂದ ತಕ್ಷಣ ಗುಹೆ.”

ಕಾರಿಡಾರಿನಲ್ಲಿ ಅವಳದೇ ದನಿ. ನರ್ಸ್ ಕೈ ಹಿಡಿಯಲು ಬಂದಿರಬೇಕು, ಬೇಡ ಬಿಡಿ ಅನ್ನುತ್ತಿದ್ದಾಳೆ. ಬಂದಳು. ಇನ್ನು ಗುಹೆ.