ಮೊದಲ ಪುಟದ ಕಾರ್ಡು

ವೆಂಡೆಲಣ್ಣಾ,

ನೀನು ಹೋದ ಮೇಲೆ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ನಿನ್ನ ಕಾರ್ಡುಗಳ ಆಲ್ಬಮ್ ನನ್ನ ಪಾಲಿಗೆ ಬಂತು. ಒಂದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ನಿನ್ನ ಮೊಮ್ಮಕ್ಕಳಿಗೆ ಹಂಚೋಣ ಅಂತ, ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳಲು ಇವತ್ತು ಮಧ್ಯಾಹ್ನ ಡುಬ್ಯೂಕ್ ಪೇಟೆಯ ಕಾರ್ಡಿನ ಅಂಗಡಿಗೆ ಒಯ್ದಿದ್ದೆ. ಹೊರಗೆ ಹಿಮ ಸದ್ದಿಲ್ಲದೆ ಬೀಳುತ್ತಿತ್ತು. ಅಂಗಡಿಯ ಪ್ರೂಸಾಕ್ ಪುಟ ತಿರುವಿದಂತೆಲ್ಲ ಹಳೆಯ ಬೇಸಿಗೆಗಳು, ಹಸಿರು ಮೈದಾನಗಳು, ಇನ್ನೂ ಮೀಸೆ ಬಲಿಯದ ಆಟಗಾರರು ತೇಲಿ ಬಂದಂತಾಯಿತು.

"ಆಟಗಾರನ ಮೊದಲ ವರ್ಷದ ಕಾರ್ಡೇ ಇಟ್ಕೊಳ್ಳಿ, ಆರ್ಡಿತಮ್ಮ, ಅದಕ್ಕೇ ಬೆಲೆ ಜಾಸ್ತಿ," ಅಂದ. "ಆದ್ರೆ ಈ ಮೊದಲನೇ ಪುಟದ್ದು ಬೇಡ."

"ಯಾಕಪ್ಪ? ಮೂಲೆ ಎಷ್ಟು ಚೂಪಾಗಿದೆ."

"ಅದೇ ಗ್ರಹಚಾರ. ಯಾರೋ ಕತ್ತರಿ ಆಡ್ಸಿದಾರೆ. ಸವೆದಿದ್ರೂ ಬೆಲೆ ಇರೋದು, ಕತ್ತರಿಸಿದ್ದು ಮೂರು ಕಾಸಿಗೂ ಬೇಡ. ನಿಮ್ಮಣ್ಣ ಅಷ್ಟು ಬಲ್ಲೋರು, ಇದನ್ನ ಮುಂದೆ ಯಾಕಿಟ್ರೋ."

"ಅವನಿಗೆ ಗೊತ್ತಾಗಿರ್ಲಿಲ್ಲವೇನೋ."

"ಒಳ್ಳೆ ಮಾತು. ಮುಟ್ಟಿದ ತಕ್ಷಣ ಬೆರಳಿಗೇ ಗೊತ್ತಾಗುತ್ತೆ."

ಅದನ್ನೇ ಇಟ್ಟುಕೊಳ್ಳುತ್ತೇನೆ ಅಂದೆ. ಪ್ರೂಸಾಕ್ ಹಣೆ ಚಚ್ಚಿಕೊಂಡ.

ನಾನು ಎಂಟು ವರ್ಷದವಳಿದ್ದಾಗಿನ ಮಾತು. ಈ ಕಾರ್ಡಿನ ಮೂಲೆ ಸವೆದಿದೆ ಅಂತ ನೀನು ಪೇಚಾಡಿದ್ದು ಕೇಳಿ, ಅಮ್ಮನ ಹೊಲಿಗೆ ಕತ್ತರಿಯಿಂದ ನಾನೇ ಗುಟ್ಟಾಗಿ ನೇರ ಮಾಡಿಟ್ಟಿದ್ದೆ. ನಿನ್ನನ್ನು ಏಮಾರಿಸಿದೆ ಅಂತಲೇ ಅರವತ್ತು ವರ್ಷ ಒಳಗೊಳಗೇ ಬೀಗಿದೆ.

ಆ ಸಂಜೆ ನೀನು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ಅದರ ಅಂಚಿನ ಮೇಲೆ ಬೆರಳಾಡಿಸಿದೆ. ಆಮೇಲೆ ನನ್ನ ಕಡೆ ತಿರುಗಿ, "ನೋಡು ಆರ್ಡಿ, ಹೊಸದರ ಥರಾನೇ ಇದೆ" ಅಂದೆ.